ಕಲಿಯುವವರಿಗೆ ಕ್ಲಚ್ ಸವೆದ ಕಾರೇ ಲೇಸು

ಡ್ರೈವಿಂಗ್ ಕಲಿಯುವವರಿಗೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನು ಹುಡುಕುವುದು ಕ್ಲಚ್ ಸವೆದ, ಟೈರು ಬೋಳಾದ, ಬಂಪರ್ ಗೀಚಿಹೋದ ಕಾರನ್ನು. ಇದನ್ನು ಕೇಳಿ ನಕ್ಕವರೇ ಹೆಚ್ಚು. 'ಎಲ್ಲ ಸರಿ ಇರೋದು ಬಿಟ್ಟು ಕೆಟ್ಟಿದ್ದನ್ನೇ ದುಡ್ಡು ಕೊಟ್ಟು ತರ್ತೀರಲ್ಲ ಸಾರ್' ಅಂತ ನಮ್ಮ ಗ್ಯಾರೇಜಿನವರೇ ಆಡಿಕೊಂಡಿದ್ದರು. ಒಂಬತ್ತು ವರ್ಷಗಳಲ್ಲಿ ಮನೆಯವರಿಗೆ, ನೆಂಟರಿಗೆ ಅಂತ ಏಳು ಕಾರು ಹಿಡಿದಿದ್ದೇನೆ. ಮೊದಲ ಮೂರರಲ್ಲಿ ಕೈ ಸುಟ್ಟುಕೊಂಡೆ. ಆಮೇಲಿನ ನಾಲ್ಕೂ ಲೆಕ್ಕ ಹಾಕಿದ ಹಾಗೇ ನಡೆದವು. ಈಗ ಆ ಗ್ಯಾರೇಜಿನವರೇ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಕಾರಣ ಬರೀ ಲೆಕ್ಕದ್ದು. ಕ್ಲಚ್ ಸವೆದು ಜಾರುವ ಮಾರುತಿ ಆಲ್ಟೊಗೆ ಮಾರುವವರು ತಾವಾಗಿಯೇ ಹದಿನೈದು ಸಾವಿರ ಇಳಿಸುತ್ತಾರೆ, ಸ್ವಲ್ಪ ಎಳೆದಾಡಿದರೆ ಇಪ್ಪತ್ತು. ಬದಲಿಸಲು ತಗಲುವುದು ಆರೂವರೆ ಸಾವಿರ: ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಸೇರಿದ ಸೆಟ್ಟು 3,500 ಆಸುಪಾಸು, ಕೂಲಿ 1,500, ಕೇಬಲ್ 350, ಗೇರ್ ಆಯಿಲ್ 700, ಉಳಿದದ್ದು ಆಯಿಲ್ ಸೀಲುಗಳಿಗೆ. ಗೇರ್‌ಬಾಕ್ಸ್ ಇಳಿಸಿದಾಗ ಎಂಜಿನ್ ಆಯಿಲ್ ಸೋರದಂತೆ ತಡೆಯುವ ಕ್ರ್ಯಾಂಕಿನ ಹಿಂದಿನ ಸೀಲನ್ನೂ ಹೊಸದು ಹಾಕಿಸಿಬಿಡಿ. ನೂರೈವತ್ತು ರೂಪಾಯಿ ಉಳಿಸಲು ಹೋಗಿ ಮತ್ತೆ 1,500 ಕೂಲಿ ಕೊಡಬೇಕಾಗುತ್ತದೆ. ಟೈರಿನ ಕಥೆಯೂ ಇಷ್ಟೇ. ಆಲ್ಟೊ 800ರ 145/80 ಆರ್12 ಟೈರು ನಾಲ್ಕಕ್ಕೆ ಹತ್ತೂವರೆ ಸಾವಿರದೊಳಗೆ ಮುಗಿಯುತ್ತದೆ. ಕಾರಿನ ಬೆಲೆಯಲ್ಲಿ ಅದಕ್ಕಿಂತ ಹೆಚ್ಚು ಕಳೆಸಬಹುದು. ಪೇಂಟಿನ ವಿಷಯವಂತೂ ಬಿಡಿ, ಹೇಗೂ ಮೂರು ತಿಂಗಳಲ್ಲಿ ಗೇಟಿಗೆ ಒರೆಸಿಯೇ ಒರೆಸುತ್ತಾರೆ.

ಹಾಳಾಗಿದ್ದರೆ ಮುಟ್ಟಲೇಬಾರದ್ದು ನಾಲ್ಕು: ತಳದ ತಗಡು, ಎಂಜಿನ್ನಿನ ಒಳಭಾಗ, ಗೇರ್‌ಬಾಕ್ಸ್, ಕಾಗದಪತ್ರ.

ಮಾಡೆಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 796 ಸಿಸಿ ಆಲ್ಟೊ, 998 ಸಿಸಿಯ ಆಲ್ಟೊ ಕೆ10, ಅದೇ ಎಂಜಿನ್ನಿನ ವ್ಯಾಗನ್ ಆರ್, ಹ್ಯುಂಡೈ ಐ10 – ಈ ನಾಲ್ಕರ ಆಚೆ ನಾನು ಹೋಗುವುದಿಲ್ಲ. ಬಿಡಿಭಾಗ ತಾಲೂಕು ಕೇಂದ್ರದಲ್ಲೂ ಸಿಗಬೇಕು, ವಾಪಸ್ ಮಾರುವಾಗ ವಾರದೊಳಗೆ ಗಿರಾಕಿ ಬರಬೇಕು. ಕಲಿಯಲು ನನ್ನ ಮೊದಲ ಆಯ್ಕೆ ಕೆ10. ಹಗುರ ಮೈಗೆ ದೊಡ್ಡ ಎಂಜಿನ್ ಇರುವುದರಿಂದ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೂ ತೆವಳಿಕೊಂಡು ಮುಂದೆ ಹೋಗುತ್ತದೆ, 796ರಷ್ಟು ಆಫ್ ಆಗುವುದಿಲ್ಲ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಲು ಅದರಲ್ಲಿ ಟೈಮಿಂಗ್ ಚೈನ್ ಇದೆ, ಹರಿಯುವ ಬೆಲ್ಟಿನ ಕಾಟ ಇಲ್ಲ. 1000 ಸಿಸಿಗೆ ಎರಡು ಕಡಿಮೆ ಇರುವುದರಿಂದ 2022ರಲ್ಲಿ ನಿಗದಿಯಾದ ದರದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟದ್ದು) ಪ್ರೀಮಿಯಂ 2,094 ರೂಪಾಯಿ, ಮೇಲೆ ಜಿಎಸ್‌ಟಿ. 1000 ದಾಟಿದರೆ ಅದು 3,416. ಆಲ್ಟೊ 800 ತಗೊಳ್ಳುವುದಾದರೆ ಎಲ್‌ಎಕ್ಸ್‌ಐ ಅನ್ನುವ ಆವೃತ್ತಿ ನೋಡಿ, ಎಲ್‌ಎಕ್ಸ್‌ನಲ್ಲಿ ಎ.ಸಿ. ಇದ್ದರೂ ಪವರ್ ಸ್ಟೀರಿಂಗ್ ಇಲ್ಲ. ಪವರ್ ಸ್ಟೀರಿಂಗ್ ಇಲ್ಲದ ಕಾರಲ್ಲೇ ಕಲಿತರೆ ಕೈ ಗಟ್ಟಿಯಾಗುತ್ತದೆ ಅನ್ನುವ ಹಿರಿಯರಿದ್ದಾರೆ. ಕೈ ಗಟ್ಟಿಯಾಗುವ ಮೊದಲೇ ಕಲಿಯುವವರು ಬೇಸತ್ತು ಬೀಗದ ಕೈ ವಾಪಸ್ ಕೊಡುತ್ತಾರೆ. ಆರ್‌ಟಿಒ ಟ್ರ್ಯಾಕಿನಲ್ಲಿ ಎಂಟು ಹಾಕುವುದಕ್ಕೆ ಆಲ್ಟೊದ 4.6 ಮೀಟರ್ ಟರ್ನಿಂಗ್ ರೇಡಿಯಸ್ ದೇವರು ಕೊಟ್ಟ ವರ.

ಏರ್‌ಬ್ಯಾಗ್ ಬೇಕೇ ಬೇಕು ಅನ್ನುವವರು 2019ರ ಜುಲೈ ನಂತರ ತಯಾರಾದದ್ದನ್ನು ನೋಡಲಿ, ಅಲ್ಲಿಂದಾಚೆ ಡ್ರೈವರ್ ಏರ್‌ಬ್ಯಾಗು, ರಿವರ್ಸ್ ಸೆನ್ಸರ್ ಕಡ್ಡಾಯವಾದವು. ಆ ಕಾರುಗಳ ಬೆಲೆ ಹೆಚ್ಚು, ಈ ಬರಹದ ಲೆಕ್ಕಕ್ಕೆ ಹೊರಗೆ.

ಈಗ ಕ್ಲಚ್ಚಿನ ಸೂಕ್ಷ್ಮ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ನಿಧಾನಕ್ಕೆ ಬಿಟ್ಟರೆ ಎಂಜಿನ್ ಆಫ್ ಆಗಬೇಕು, ಆಗದಿದ್ದರೆ ಪ್ಲೇಟು ಹೋಗಿದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿಗೇ ನಿಲ್ಲಿಸಬೇಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ, ಕಿಟಕಿ ಏರಿಸಿ ಕಿವಿಗೊಡಿ. ಪೆಡಲ್ ಒತ್ತಿದಾಗ ಗರಗರ ಶಬ್ದ ಬಂದರೆ ರಿಲೀಸ್ ಬೇರಿಂಗ್, ಅದು ಸೆಟ್ಟಿನ ಜೊತೆ ಹೊಸದೇ ಬರುತ್ತದೆ, ಚಿಂತೆ ಬೇಡ. ಪೆಡಲ್ ಬಿಟ್ಟಿದ್ದಾಗ ಇದ್ದ ಶಬ್ದ ಒತ್ತಿದ ಕೂಡಲೇ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್, ಅಲ್ಲಿಂದಲೇ ಎದ್ದು ಬನ್ನಿ. ಇಬ್ಬರು ಬ್ರೋಕರ್‌ಗಳು ಎರಡನೆಯದನ್ನು ಮೊದಲನೆಯದು ಅಂತ ನಂಬಿಸಲು ನೋಡಿದ್ದರು. ಮೂವತ್ತರ ವೇಗದಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕಚ್ ಅಂದರೆ ಸಿಂಕ್ರೊ (ಗೇರು ಸಲೀಸಾಗಿ ಕೂರುವಂತೆ ಮಾಡುವ ಭಾಗ) ಸವೆದಿದೆ. ಅದೂ ಬೇಡ. ಕಲಿಯುವವರು ಅತಿ ಹೆಚ್ಚು ಬಾರಿ ಹಾಕುವ ಗೇರು ಎರಡನೆಯದೇ, ತಪ್ಪು ತಮ್ಮದೇ ಅಂದುಕೊಂಡು ಕೊನೆತನಕ ಹೆದರುತ್ತಾರೆ.

ತಳದ ತಗಡಿನ ಪಾಠ ನನಗೆ ಹದಿನಾಲ್ಕು ಸಾವಿರಕ್ಕೆ ಸಿಕ್ಕಿತು. ಉಡುಪಿ ಕಡೆಯ ಕಾರು, ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಡಿಗೆ ಆಗಷ್ಟೇ ಬಳಿದ ಕಪ್ಪು ಕೋಟಿಂಗ್. ಒಳ್ಳೆಯದೇ ಮಾಡಿಸಿದ್ದಾರೆ ಅಂದುಕೊಂಡೆ. ಮ್ಯಾಟಿನ ಕೆಳಗೆ ತಗಡೇ ಇರಲಿಲ್ಲ, ಫೈಬರ್ ಶೀಟು ಅಂಟಿಸಿದ್ದರು. ಉಪ್ಪುಗಾಳಿಯ ಕರಾವಳಿ, ನಾಲ್ಕು ತಿಂಗಳು ನೆನೆಯುವ ಮಲೆನಾಡು – ಎರಡೂ ಕಡೆಯ ಕಾರಿಗೆ ಡ್ರೈವರ್ ಕಾಲಿನ ಜಾಗ, ಸ್ಪೇರ್ ವ್ಹೀಲಿನ ಗುಂಡಿ, ಬಾಗಿಲ ಕೆಳಗಿನ ಪಟ್ಟಿ ಮೊದಲು ತುಕ್ಕು ಹಿಡಿಯುತ್ತವೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ರಟ್ಟಿನ ಶಬ್ದ ಮಾಡುತ್ತದೆ. ಅಂದಿನಿಂದ ನಾನು ಹುಡುಕುವುದು ಒಣ ಜಿಲ್ಲೆಗಳಲ್ಲಿ. ಕೆಎ-16 ಚಿತ್ರದುರ್ಗ, ಕೆಎ-17 ದಾವಣಗೆರೆ. ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಡ್ಯಾಶ್‌ಬೋರ್ಡ್ ಸೀಳಿರುತ್ತದೆ, ತಳ ಮಾತ್ರ ಗಟ್ಟಿಮುಟ್ಟು. ಬಳ್ಳಾರಿ ಕಡೆಯದ್ದಾದರೆ ಎ.ಸಿ.ಯ ಕೂಲಿಂಗ್ ಕಾಯಿಲ್ ಬಿಚ್ಚಿ ತೊಳೆಸಲು ಎರಡು ಸಾವಿರ ಬೇರೆ ಎತ್ತಿಡಿ, ಕೆಂಪು ಧೂಳು.

ನೆರೆನೀರಿನಲ್ಲಿ ನಿಂತ ಕಾರು ಇನ್ನೂ ಮೋಸ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ–ಬಾಗಲಕೋಟೆ, 2022ರಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆ – ಅಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಿರಲಾರವು. ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ. ಒಳಗೆ ಸುತ್ತಿಕೊಂಡ ಭಾಗವನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಹಳಿಯ ಬೋಲ್ಟುಗಳನ್ನೂ ನೋಡಿ.

ಎಂಜಿನ್ ನೋಡುವುದು ಬೆಳಿಗ್ಗೆ, ತಣ್ಣಗಿದ್ದಾಗಲೇ. 'ನೀವು ಬರ್ತೀರಂತ ಸ್ಟಾರ್ಟ್ ಮಾಡಿಟ್ಟಿದ್ದೆ' ಅಂದರೆ ಮಧ್ಯಾಹ್ನ ತಿರುಗಿ ಬರುತ್ತೇನೆ ಅಂತ ಹೇಳಿ ಎದ್ದುಬಿಡಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಇದ್ದರೆ, ರೇಡಿಯೇಟರ್ ನೀರಿನಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಆಯಿಲ್, ನೀರು ಬೆರೆಯದಂತೆ ತಡೆಯುವ ಹಾಳೆ) ಮೇಲೆ ಅನುಮಾನ ಪಡಿ. ಬಿಸಿಯಾದ ಮೇಲೆ ಮುಚ್ಚಳ ತೆಗೆದಾಗ ಹೊಗೆ ಪುಸುಪುಸು ಬಂದರೆ ಪಿಸ್ಟನ್ ರಿಂಗ್ ಹೋಗಿದೆ. ನಿಂತಲ್ಲೇ ಓಡುವಾಗ ಎಂಜಿನ್ (ಐಡಲ್) ಅಲುಗಾಡುವುದಕ್ಕೆ ಮಾತ್ರ ಹೆದರಬೇಡಿ. ಹತ್ತರಲ್ಲಿ ಆರೇಳು ಸಲ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕೊಳೆ, ಆರುನೂರು ರೂಪಾಯಿಗೆ ಕ್ಲೀನ್ ಆಗುತ್ತದೆ. ಇದನ್ನು ಕಾರು ತಂದ ದಿನವೇ ಮಾಡಿಸಿ, ಸಿಗ್ನಲ್ಲಿನಲ್ಲಿ ಎರಡು ಸಲ ಆಫ್ ಆದರೆ ಕಲಿಯುವವರ ಧೈರ್ಯವೂ ಆಫ್.

ಚೈನ್ ಬದಲು ಬೆಲ್ಟ್ ಇರುವ ಎಂಜಿನ್ ತಗೊಂಡರೆ, ಮಾರುವವರು ಆಣೆ ಮಾಡಿದರೂ ಸರಿ, ಬಿಲ್ ತೋರಿಸದಿದ್ದರೆ ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿ. ನನ್ನ ಎರಡನೇ ಕಾರಿನಲ್ಲಿ 'ಮೊನ್ನೆ ತಾನೇ ಹಾಕ್ಸಿದ್ದು' ಅನ್ನುವ ಮಾತು ನಂಬಿದೆ. ಮೂರನೇ ವಾರ ಹರಿಯಿತು, ವಾಲ್ವುಗಳು ಬಾಗಿದವು, ಹೆಡ್ ಕೆಲಸಕ್ಕೆ ಇಪ್ಪತ್ತೆಂಟು ಸಾವಿರ. ಬೆಲ್ಟು, ಟೆನ್ಷನರ್, ಕೂಲಿ ಸೇರಿ ಮೂರೂವರೆ ಸಾವಿರದಲ್ಲಿ ಮುಗಿಯುತ್ತಿತ್ತು.

ಯಾರೂ ನೋಡದ ಇನ್ನೊಂದು ಜಾಗ ಹ್ಯಾಂಡ್‌ಬ್ರೇಕು. ಪಕ್ಕದಲ್ಲಿ ಕೂತು ಕಲಿಸುವವರಿಗೆ ಇರುವ ಬ್ರೇಕು ಅದೊಂದೇ. ಏರಿನಲ್ಲಿ ನಿಲ್ಲಿಸಿ, ಎಳೆದಾಗ ಕಟಕಟ ಅನ್ನುವ ನಾಲ್ಕೈದು ಹಲ್ಲಿಗೆ ಹಿಡಿಯುತ್ತದಾ ನೋಡಿ, ಎಂಟು ಒಂಬತ್ತಕ್ಕೆ ಹೋದರೆ ಹಿಂದಿನ ಡ್ರಮ್ ಬಿಚ್ಚಿ ಶೂ ಬದಲಿಸಿ, ಆಮೇಲೆ ಕೇಬಲ್ ಬಿಗಿ ಮಾಡಿಸಿ. ಕೆಲವರು ಕೇಬಲ್ ಮಾತ್ರ ಎಳೆದು ಕೊಡುತ್ತಾರೆ. ಆಗ ಶೂ ಒರೆಸಿಕೊಂಡೇ ಓಡಿ ಡ್ರಮ್ ಬಿಸಿಯಾಗುತ್ತದೆ.

ಕಾಗದಪತ್ರದಲ್ಲಿ ನನ್ನ ನಿಯಮ: ಆರ್‌ಸಿಯಲ್ಲಿ (ನೋಂದಣಿ ಪತ್ರ) ಕನಿಷ್ಠ ನಾಲ್ಕು ವರ್ಷ ಬಾಕಿ ಇರಬೇಕು. ಹದಿನೈದು ವರ್ಷ ತುಂಬಿದರೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), 5,000 ರೂಪಾಯಿ ನವೀಕರಣ ಶುಲ್ಕ, ಹಸಿರು ತೆರಿಗೆ ಅಂತ ಸಾಲು ಶುರು. ಇಪ್ಪತ್ತು ದಾಟಿದರೆ 2025ರ ಆಗಸ್ಟ್‌ನಿಂದ ಶುಲ್ಕವೇ ಹತ್ತು ಸಾವಿರ. ಕಲಿತು ವಾಪಸ್ ಮಾರುವಷ್ಟರಲ್ಲಿ ಆ ಗಡಿ ಹತ್ತಿರ ಬಂದಿರಬಾರದು. ದಿಲ್ಲಿಯಿಂದ ಅಗ್ಗಕ್ಕೆ ಬರುವ ಕಾರುಗಳ ತಂಟೆಗೆ ಹೋಗಿಲ್ಲ, ಅಲ್ಲಿನ ಆರ್‌ಟಿಒ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸು, ಹೊಸ ನಂಬರು ಸೇರಿದರೆ ಅಗ್ಗ ಉಳಿಯುವುದಿಲ್ಲ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ದಂಡ ಬಾಕಿ ನೋಡಿ, ಟೋಕನ್ (ಮುಂಗಡ) ಕೊಡುವ ಮೊದಲೇ ಕಟ್ಟಿಸಿ. 2023ರ ಫೆಬ್ರವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಬಂದ ಮೇಲೆ 'ಮತ್ತೆ ಡಿಸ್ಕೌಂಟ್ ಬರುತ್ತೆ, ಆಗ ಕಟ್ತೀನಿ' ಅನ್ನುವುದು ಮಾರುವವರಿಗೆಲ್ಲ ಅಭ್ಯಾಸವಾಗಿದೆ. ಆರ್‌ಸಿ ಮೇಲೆ ಸಾಲದ ನಮೂದು ಇದ್ದರೆ, ಸಾಲ ತೀರಿದೆ ಅನ್ನುವ ಮಾತು ಸಾಲದು, ಆ ನಮೂದು ತೆಗೆಸುವ ಫಾರಂ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ ಕೈಗೆ ಬರಬೇಕು. ಮೂರನೇ ಕಾರಿನಲ್ಲಿ ಆ ಒಂದು ಹಾಳೆಗೆ ನಾಲ್ಕು ತಿಂಗಳು ಅಲೆದೆ, ಕಾರು ಮನೆ ಮುಂದೆ ನಿಂತೇ ಇತ್ತು. ಮಾಲೀಕರ ಹೆಸರು ವರ್ಗಾಯಿಸುವ ಫಾರಂ 29 ಎರಡು ಪ್ರತಿ, ಫಾರಂ 30 – ಸಹಿ ಬೀಳುವ ತನಕ ಹಣದಲ್ಲಿ ಇಪ್ಪತ್ತು ಸಾವಿರ ನನ್ನ ಹತ್ತಿರವೇ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ ಇರುವುದು ಹದಿನಾಲ್ಕು ದಿನ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಾರಿನ ಜೊತೆ ಬರುವುದಿಲ್ಲ, ಅದನ್ನು ತೋರಿಸಿ ಬೆಲೆ ಏರಿಸಲು ಬಿಡಬೇಡಿ.

ಮೀಟರ್ ತಿರುಗಿಸಿದ್ದು ಹೇಗೆ ತಿಳಿಯುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಪೆಡಲ್ ರಬ್ಬರು, ಕಂಪನಿ ಸರ್ವೀಸಿನ ದಾಖಲೆ, ಟೈರಿನ ತಾರೀಕು (2319 ಅಂದರೆ 2019ರ 23ನೇ ವಾರ) – ಇವಿಷ್ಟು ಹೇಳಬಲ್ಲೆ. ನಾನು ನೋಡುವ ಇನ್ನೊಂದು ಜಾಗವಿದೆ, ಬರೆದರೆ ನಾಳೆಯೇ ಅದನ್ನೂ ಬದಲಿಸಿ ಇಡುತ್ತಾರೆ. ಬೆಲೆ ಮಾತಾಡುವಾಗ ಮೊದಲು ಯಾವ ದೋಷ ತೋರಿಸುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ, ಇನ್ನೂ ಎರಡು ಕಾರು ಹಿಡಿಯುವುದಿದೆ.

ಕ್ಲಚ್ ಯಾವಾಗ ಬದಲಿಸಬೇಕು ಅನ್ನುವುದರ ಮೇಲೆ ಒಂದು ಪ್ರಯೋಗ ಮಾಡಿದ್ದೆ. ನಾಲ್ಕನೇ ಕಾರಿನಲ್ಲಿ ಹಳೆ ಪ್ಲೇಟಿನ ಮೇಲೇ ಕಲಿಸಿ, ಕೈ ಕೂತ ಮೇಲೆ ಹೊಸದು ಹಾಕಿಸೋಣ ಅಂತ ಹೊರಟೆ. ದುಡ್ಡು ಉಳಿಯಿತು, ಕಲಿಕೆ ಕೆಟ್ಟಿತು. ಸವೆದ ಕ್ಲಚ್ ತುದಿಯಲ್ಲಿ ಹಿಡಿಯುತ್ತದೆ, ಕಾಲು ಅದಕ್ಕೇ ಒಗ್ಗಿಬಿಡುತ್ತದೆ. ಹೊಸದು ಹಾಕಿದ ದಿನ ಕಾರು ಕಪ್ಪೆಯ ಹಾಗೆ ನೆಗೆಯಿತು, ಮತ್ತೆ ಹದಿನೈದು ದಿನ ಮೊದಲಿನಿಂದ. ಐದನೆಯದರಲ್ಲಿ ಮೊದಲೇ ಹೊಸ ಸೆಟ್ಟು ಹಾಕಿ, ಪೆಡಲಿನ ಸಡಿಲವನ್ನು ಕೇಬಲ್ಲಿನ ನಟ್ಟಿನಲ್ಲಿ ಒಂದೆರಡು ಸುತ್ತು ಹೊಂದಿಸಿ ಹಿಡಿತ ನಡುವಿಗೆ ತಂದೆ. ಪೂರ್ತಿ ಬಿಗಿ ಮಾಡಿದರೆ ಬೇರಿಂಗ್ ಸದಾ ಒತ್ತಿಕೊಂಡಿದ್ದು ಹಾಳಾಗುತ್ತದೆ, ಬೆರಳಲ್ಲಿ ಒತ್ತಿದರೆ ಒಂದೂವರೆ ಸೆಂಟಿಮೀಟರ್ ಸುಮ್ಮನೆ ಇಳಿಯಬೇಕು. ಒಂದು ವಾರದಲ್ಲಿ ಏರಿನಲ್ಲಿ ನಿಲ್ಲಿಸಿ ಎತ್ತುವುದು ಬಂತು. ಹಾಗಾಗಿ ಈಗ ಮೊದಲೇ ಬದಲಿಸುತ್ತೇನೆ. ಗ್ಯಾಸ್ ಕಿಟ್ ಇದ್ದ ಕಾರಲ್ಲೂ ಒಮ್ಮೆ ಕಲಿಸಿ ನೋಡಿದೆ, ಕೆಳ ಆರ್‌ಪಿಎಂನಲ್ಲಿ ಎಳೆತವೇ ಇಲ್ಲ, ಹೆಜ್ಜೆಗೊಮ್ಮೆ ಆಫ್. ಮುಂದಿನ ಬಂಪರಿನ ಎರಡು ಮೂಲೆಗೆ ಹಳೆ ಸೈಕಲ್ ಟೈರು ಕತ್ತರಿಸಿ ಕಟ್ಟಿದ್ದು ಮಾತ್ರ ನೋಡಲು ಅಸಹ್ಯವಾದರೂ ಕೆಲಸ ಮಾಡಿತು.

ಆರನೇ ಕಾರಿನ ಲೆಕ್ಕ ನೆನಪಿದ್ದಷ್ಟು ಕೊಡುತ್ತೇನೆ. 2014ರ ಆಲ್ಟೊ 800 ಎಲ್‌ಎಕ್ಸ್‌ಐ, ಒಬ್ಬರೇ ಮಾಲೀಕರು, ಅರವತ್ತೊಂದು ಸಾವಿರ ಕಿಲೋಮೀಟರ್. ಕೇಳಿದ್ದು 2.40 ಲಕ್ಷ, ಕೊಟ್ಟಿದ್ದು 2.08. ಕ್ಲಚ್ 6,500, ಟೈರು ಮತ್ತು ಅಲೈನ್‌ಮೆಂಟ್ 11,100, ಬ್ಯಾಟರಿ 3,600, ಆಯಿಲ್, ಫಿಲ್ಟರ್, ಪ್ಲಗ್, ಥ್ರಾಟಲ್ ಸೇರಿ 3,400, ಹಿಂದಿನ ಬ್ರೇಕ್ 1,800, ರಿವರ್ಸ್ ಸೆನ್ಸರ್ 1,600, ವರ್ಗಾವಣೆ ಮೂರು ಸಾವಿರ, ಇನ್ಶೂರೆನ್ಸ್ 2,900. ಒಟ್ಟು 2.42ರ ಹತ್ತಿರ. ಹದಿನಾಲ್ಕು ತಿಂಗಳು, ಏಳೂವರೆ ಸಾವಿರ ಕಿಲೋಮೀಟರ್ ಓಡಿಸಿ 2.25ಕ್ಕೆ ಕೊಟ್ಟೆವು. ಪೆಟ್ರೋಲು ಬಿಟ್ಟರೆ ತಿಂಗಳಿಗೆ ಸಾವಿರದ ಇನ್ನೂರು ಬಿತ್ತು. ಲೆಕ್ಕ ತಪ್ಪಿದ್ದು ಒಂದೇ ಕಡೆ: ಮಳೆಗಾಲದಲ್ಲಿ ಎಂಟು ದಿನ ನಿಲ್ಲಿಸಿದ್ದಾಗ ಇಲಿ ಇಂಜೆಕ್ಟರಿನ ವೈರ್ ಕಡಿದು 2,200 ರೂಪಾಯಿ ಹೋಯಿತು. ತಂಬಾಕಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಪಕ್ಕ ಇಟ್ಟೆ, ಇಲಿ ಅದನ್ನೂ ಕಚ್ಚಿ ನೋಡಿ ಹೋಗಿತ್ತು. ಈಗಿನ ಕಾರಿಗೆ ವೈರಿನ ಗೊಂಚಲಿಗೆಲ್ಲ ಸಣ್ಣ ಕಬ್ಬಿಣದ ಜಾಲರಿ ಸುತ್ತಿಸಿದ್ದೇನೆ, ಎರಡನೇ ಮಳೆಗಾಲ ನಡೆಯುತ್ತಿದೆ, ಇಲ್ಲಿಯ ತನಕ ಏನೂ ಆಗಿಲ್ಲ.