ಕೂಡುರಸ್ತೆಗಳನ್ನು ಎಣಿಸಿದ್ದು: ತುಮಕೂರಿನಲ್ಲಿ ನನ್ನ ಅನುಭವ

ಬಡಾವಣೆಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ತುಮಕೂರಿನ ಹೊರವಲಯದಲ್ಲಿ ಅಳತೆಗೆ ಹೋಗಿದ್ದಾಗ, ಕೂಗಿದರೆ ಓಗೊಡುವಷ್ಟು ಹತ್ತಿರವಿದ್ದ ಕಾಂಪೌಂಡಿನಾಚೆಯ ಮನೆಯನ್ನು ಸೇರಲು ಮುಖ್ಯರಸ್ತೆಯವರೆಗೆ ಹಿಂದಿರುಗಿ, ಪಕ್ಕದ ಬಡಾವಣೆಯನ್ನು ಹೊಕ್ಕು ಬರಬೇಕಾಯಿತು. ಊರು ಬೆಳೆದಂತೆ ರಸ್ತೆಗಳು ಒಂದನ್ನೊಂದು ಕೂಡುವುದು ಕಡಿಮೆಯಾಗುತ್ತಿದೆಯೇ ಎಂಬುದನ್ನು ಎಣಿಸಿಯೇ ನೋಡಬೇಕೆನಿಸಿತು.

ಒಂದೊಂದು ಜಾಗದಲ್ಲಿ ಎಷ್ಟು ದಿಕ್ಕಿಗೆ ದಾರಿಯಿದೆ ಎಂದು ಬರೆದುಕೊಂಡೆ: ಚೌಕಕ್ಕೆ 4, ಒಂದು ರಸ್ತೆ ಇನ್ನೊಂದಕ್ಕೆ ಬಂದು ನಿಂತಲ್ಲಿ 3, ಡೆಡ್ ಎಂಡಿಗೆ 1. ಸರಾಸರಿ ಇಳಿದಷ್ಟೂ ರಸ್ತೆಗಳ ನಡುವಿನ ಬೆಸುಗೆ ಸಡಿಲ. ಕ್ರಿಸ್ಟೋಫರ್ ಬ್ಯಾರಿಂಗ್‌ಟನ್-ಲೀ ಮತ್ತು ಆಡಮ್ ಮಿಲ್ಲರ್ಡ್-ಬಾಲ್ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೂ ರಸ್ತೆಯ ಸುತ್ತುಬಳಸನ್ನೂ ಒಳಗೊಂಡ ಅಳತೆಗಳನ್ನು ಒಗ್ಗೂಡಿಸಿ, 1975ರಿಂದೀಚೆಗೆ ಜಗತ್ತಿನ ಹೊಸ ರಸ್ತೆಗಳ ಬೆಸುಗೆ ಒಟ್ಟಾರೆಯಾಗಿ ಕುಗ್ಗುತ್ತ ಬಂದಿದೆಯೆಂದು ತೋರಿಸಿದೆ.

ನನ್ನ ಮೊದಲ ಲೆಕ್ಕ ತಪ್ಪಾಗಿತ್ತು. ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಅಂತರ್ಜಾಲದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬೇಕಾದ ಪ್ರದೇಶವನ್ನಷ್ಟೇ ಕತ್ತರಿಸಿ ತೆಗೆದಿದ್ದರಿಂದ ಅಂಚಿನಲ್ಲಿ ತುಂಡಾದ ರಸ್ತೆಗಳೆಲ್ಲ ಡೆಡ್ ಎಂಡುಗಳೆಂದೇ ಎಣಿಕೆಗೆ ಬಂದವು. ವಿಭಜಕವಿರುವ ರಸ್ತೆಗಳನ್ನು ಎರಡು ಗೆರೆಗಳಾಗಿ ಬರೆದಿರುವುದರಿಂದ ಒಂದೇ ವೃತ್ತ ಹಲವು ಕೂಡುರಸ್ತೆಗಳಾಯಿತು. ಹೆಚ್ಚು ವಿಸ್ತಾರವಾದ ಪ್ರದೇಶವನ್ನು ತೆಗೆದುಕೊಂಡು ಒಳಭಾಗವನ್ನು ಮಾತ್ರ ಎಣಿಸಿ, ಹತ್ತಿರದ ಬಿಂದುಗಳನ್ನು ಒಂದುಗೂಡಿಸಿದ ಮೇಲೆ ಲೆಕ್ಕ ಸರಿಹೋಯಿತು. ಆದರೂ ಬೀಗ ಹಾಕಿದ ಗೇಟು ನಕ್ಷೆಯಲ್ಲಿ ಎಲ್ಲ ಕಡೆ ಕಾಣುವುದಿಲ್ಲ. ಆದ್ದರಿಂದ ನಡೆದೇ ನೋಡಿದೆ. ಚಿಕ್ಕಪೇಟೆಯ ಗಲ್ಲಿಗಳು ಸೊಟ್ಟಗಿದ್ದರೂ ಇನ್ನೊಂದು ಬೀದಿಗೆ ಒಯ್ದು ಬಿಡುತ್ತವೆ. ನಾನು ಸುತ್ತಿದ ಹೊಸ ಬಡಾವಣೆಗಳ ರಸ್ತೆಗಳು ನೇರವಾಗಿ, ಅಗಲವಾಗಿ ಹೋಗಿ ಗೋಡೆಗೆ ಮುಟ್ಟುತ್ತವೆ.

ಕಾರಣ ನನ್ನ ಮೇಜಿನ ಮೇಲೆಯೇ ಇತ್ತು. ಭೂ ಪರಿವರ್ತನೆ ಸರ್ವೆ ನಂಬರಿನ ಲೆಕ್ಕದಲ್ಲಿ ನಡೆಯುತ್ತದೆ, ನಾವು ರಸ್ತೆಯನ್ನೂ ಆ ಗಡಿಯೊಳಗೇ ಮುಗಿಸುತ್ತೇವೆ, ಗಡಿಯವರೆಗೆ ರಸ್ತೆ ಬಿಟ್ಟರೆ ಸೈಟೊಂದು ಹೋಗುತ್ತದೆಂದು ಮಾಲೀಕರು ಒಪ್ಪುವುದಿಲ್ಲ, ಹಲವು ವರ್ಷಗಳ ನಂತರ ಪಕ್ಕದ ಹೊಲ ಬಡಾವಣೆಯಾಗುವ ಹೊತ್ತಿಗೆ ಜೋಡಿಸಲು ಜಾಗವೇ ಉಳಿದಿರುವುದಿಲ್ಲ. ಹಳೆಯ ಗ್ರಾಮನಕಾಶೆಯಲ್ಲಿ ಸರ್ವೆ ನಂಬರುಗಳನ್ನು ದಾಟಿ ಹೋಗುವ ಬಂಡಿದಾರಿಗಳಿವೆ. ನಮ್ಮ ನಕ್ಷೆಗಳಲ್ಲಿ ಅವು ಅಳಿಸಿಹೋಗಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಈಗ ಗ್ರಾಮನಕಾಶೆಯನ್ನು ಕೆಳಗಿಟ್ಟುಕೊಂಡೇ ಗೆರೆ ಎಳೆಯುತ್ತೇನೆ. ಇತ್ತೀಚಿನ ಬಡಾವಣೆಯೊಂದರಲ್ಲಿ ಮಾಲೀಕರು ಬಹಳ ಮಾತುಕತೆಯ ನಂತರ ಹಿಂದಿನ ಸಾಲಿನ ಒಂದು ಸೈಟನ್ನು ಬಿಟ್ಟುಕೊಟ್ಟರು. ಆಚೆ ಇನ್ನೂ ರಾಗಿ ಹೊಲವಿದೆ. ನಕ್ಷೆಯಲ್ಲಿ ಆ ತುದಿಗೆ ‘ಮುಂದುವರಿಯುವ ರಸ್ತೆ’ ಎಂದು ಬರೆದಿದ್ದೇನೆ.