‘ನೀವು’ ಹೋಗಿ ‘ನೀನು’ ಬಂದ ದಿನ

ನನ್ನ ಮೊದಲ ಕಾದಂಬರಿಯ 350ರಷ್ಟು ಪ್ರತಿ ಇನ್ನೂ ಅಟ್ಟದಲ್ಲಿವೆ. 500 ಅಚ್ಚು ಹಾಕಿಸಿದ್ದೆ, ಕೈಯಿಂದ ಹತ್ತಿರ ಹತ್ತಿರ 55 ಸಾವಿರ ಹೋಯ್ತು. ಮಾತಲ್ಲೇ ಊರನ್ನು ಬುಟ್ಟಿಗೆ ಹಾಕಿಕೊಳ್ಳುವ ಮಲ್ಪೆಯ ಬೋಟ್ ಧಣಿಯೊಬ್ಬನ ಕಥೆ. ನನಗೆ ತಾಳಮದ್ದಳೆ ಹುಚ್ಚು ಜಾಸ್ತಿ, ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ಅದು. ಕೃಷ್ಣ ಸಂಧಾನದ ಅರ್ಥಧಾರಿಯ ಹಾಗೆ ಅವನಿಂದ ಪುಟಗಟ್ಟಲೆ ಮಾತಾಡಿಸಿದೆ. ಎರಡನೇ ಅಧ್ಯಾಯಕ್ಕೇ ಎಲ್ಲರೂ ‘ಇವ ಕಳ್ಳ’ ಅಂದರು. ಓದುವವನಿಗೇ ಗೊತ್ತಾದ ಮೇಲೆ ಊರವರು ಬರೀ ಪೆದ್ದರಾಗಿ ಕಾಣುತ್ತಾರೆ. ಶೇಕ್ಸ್‌ಪಿಯರನ ನಾಟಕದಲ್ಲಿ ಒಥೆಲೊನಿಗಿಂತ ಜಾಸ್ತಿ ಮಾತಾಡುವ ಖಳ ಇಯಾಗೊ ದಕ್ಕಿಸಿಕೊಳ್ಳುತ್ತಾನೆ, ಯಾಕಂದ್ರೆ ಅವನು ನಮ್ಮನ್ನೂ ಸಂಚಿಗೆ ಸೇರಿಸಿಕೊಳ್ಳುತ್ತಾನೆ. ನನ್ನ ಧಣಿಗೆ ಆ ತಾಕತ್ತಿರಲಿಲ್ಲ.

ಎರಡನೇ ಸಲ ಅವನ ಬಾಯಿ ಮುಚ್ಚಿಸಿದೆ. ಇಡೀ ಕಥೆಯನ್ನು ಮೀನುಗಾರಿಕೆ ನಿಷೇಧದ 61 ದಿನಕ್ಕೆ ತಂದೆ, ಜೂನ್ 1ರಿಂದ ಜುಲೈ 31. ಬೋಟು ಬಂದರಿನಲ್ಲಿ, ಯಾರ ಕೈಯಲ್ಲೂ ಕಾಸಿಲ್ಲ. ಧಣಿ ಯಾರ ಹತ್ತಿರವೂ ಏನೂ ಕೇಳುವುದಿಲ್ಲ. ಬಲೆ ಹೆಣೆಯುವವನಿಗೂ ‘ನೀವು ಬನ್ನಿ, ಚಾ ಕುಡೀರಿ’. ಬೋಟು ನಡೆಸುವ ತಾಂಡೇಲ ಮಗಳ ಫೀಸಿಗೆ ಅವನಿಂದ ದುಡ್ಡು ತಗೊಳ್ಳುತ್ತಾನೆ. ಮರುದಿನ ಧಣಿ ‘ಬಾ, ಕೂತ್ಕೋ’ ಅನ್ನುತ್ತಾನೆ. ಅಷ್ಟೇ. ತಾಂಡೇಲ ಮನೆಗೆ ಹೋಗಿ, ‘ಧಣಿ ನನ್ನನ್ನು ಮನೆಯವನ ಹಾಗೆ ಮಾತಾಡಿಸಿದ್ರು, ಗೊತ್ತುಂಟಾ?’ ಅಂತ ಹಿಗ್ಗುತ್ತಾನೆ. ಹೆಂಡತಿ ಒಣಸಿಗಡಿಯ ತಲೆ ಮುರಿಯುತ್ತಾ ಕೇಳುತ್ತಾಳೆ: ‘ಎಷ್ಟು ಕೊಟ್ರು?’

ಈ ಉಪಾಯ ಉಡುಪಿಯ ಗೆಳೆಯರಿಗೆ ಹಿಡಿಸಲಿಲ್ಲ. ‘ನೀನು, ನೀವು ಅಂತ ಯಾರು ಲೆಕ್ಕ ಇಡ್ತಾರೆ ಮಾರಾಯ?’ ಒಬ್ಬ ಪ್ರಕಾಶಕರು ಎಂಟು ತಿಂಗಳು ಇಟ್ಟುಕೊಂಡು, ಖಳನಿಗೆ ಡೈಲಾಗ್ ಸಾಲದು ಅಂತ ವಾಪಸ್ ಕಳಿಸಿದರು.

ನಡುವೆ ಒಂದು ಅಧ್ಯಾಯ ತುಳುವಿನಲ್ಲೂ ಬರೆದು ನೋಡಿದೆ. ‘ಈರ್’ ಹೋಗಿ ‘ಈ’ ಆಗುವುದು ಇನ್ನೂ ಚುರುಕು, ಒಂದೇ ಅಕ್ಷರದಲ್ಲಿ ಮನುಷ್ಯ ಕೆಳಗಿಳಿಯುತ್ತಾನೆ. ಧಣಿಯ ತಲೆಯೊಳಗೆ ಹೋಗುವ ಅಧ್ಯಾಯವೂ ಒಂದಿತ್ತು. ಹರಿದು ಹಾಕಿದೆ. ಒಳಗೆ ಹೊಕ್ಕ ಕೂಡಲೇ ಅವನು ಸಣ್ಣವನಾಗಿಬಿಟ್ಟ.

‘ನೀನು’ ಮತ್ತೆ ‘ನೀವು’ ಆಗುವ ಜಾಗ ಒಂದೇ ಒಂದು ಇದೆ. ಓದಿದವರು ಬೆಚ್ಚಿದ್ದು ಅಲ್ಲೇ. ಯಾರಿಗೆ, ಯಾವಾಗ ಅಂತ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೂ ಬೇಕಲ್ವಾ.

ಈ ಸಲ 300 ಮಾತ್ರ ಅಚ್ಚು. ನಾಲ್ಕೈದು ತಿಂಗಳಲ್ಲಿ ಖಾಲಿ. ಹಾಕಿದ ದುಡ್ಡಿನ ಮೇಲೆ ಆರೇಳು ಸಾವಿರ ಉಳಿಯಿತು. ಮೊನ್ನೆ ಮಂಗಳೂರಿನಿಂದ ಒಬ್ಬರು ಫೋನ್ ಮಾಡಿ ಅರ್ಧ ಗಂಟೆ ಜಗಳ ಆಡಿದರು. ‘ಆ ಧಣಿಯದ್ದು ಎಂತ ತಪ್ಪು ಮಾರಾಯ್ರೆ? ಪಾಪ, ಕೇಳಿದವರಿಗೆಲ್ಲ ಕೊಟ್ಟಿದ್ದಾರಲ್ಲ?’

ನಾನು ಎದುರು ಮಾತಾಡಲಿಲ್ಲ. ಫೋನ್ ಸ್ಪೀಕರಿಗೆ ಹಾಕಿ ಹೆಂಡತಿಗೂ ಕೇಳಿಸಿದೆ.