ಶಾರ್ಟ್‌ಕಟ್‌ಗಳು ಕೋಡ್ ಬಿಟ್ಟು ಸ್ಕ್ರಿಪ್ಟ್‌ಗೆ ಬಂದವು

ಮಂಗಳೂರಿನ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ನಾನು ಬರೆದುಕೊಟ್ಟ ಪುಟ್ಟ ಎಡಿಟರ್ ಇದೆ. ಮದುವೆ, ಕೋಲ, ಯಕ್ಷಗಾನದ ಆಮಂತ್ರಣಗಳನ್ನೆಲ್ಲ ಅದರಲ್ಲೇ ಟೈಪ್ ಮಾಡುತ್ತಾರೆ. ಬರೆದದ್ದು ಸಿ ಪ್ಲಸ್ ಪ್ಲಸ್‌ನಲ್ಲಿ, ಕಿಟಕಿ, ಬಟನ್, ಕೀಬೋರ್ಡ್ ನೋಡಿಕೊಳ್ಳುವುದು ಜಿಟಿಕೆ ಲೈಬ್ರರಿ, ಓಡುವುದು ಲಿನಕ್ಸ್‌ನಲ್ಲಿ. ಕೀಬೋರ್ಡ್ ಶಾರ್ಟ್‌ಕಟ್‌ಗಳೆಲ್ಲ ಕೋಡ್‌ನಲ್ಲೇ, ಈ ಕೀಗೆ ಈ ಕೆಲಸ ಎನ್ನುವ ಒಂದು ಉದ್ದನೆಯ ಸ್ವಿಚ್ ಕೇಸ್ ಒಳಗಿದ್ದವು. ಒಂದು ಕೀ ಬದಲಿಸಬೇಕೆಂದರೂ ನಾನೇ ಕಂಪೈಲ್ ಮಾಡಿ (ಕೋಡನ್ನು ಮತ್ತೆ ಓಡುವ ಪ್ರೋಗ್ರಾಮ್ ಆಗಿಸಿ) ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಬೇಕಿತ್ತು. "ನಾವೇ ಬದಲಿಸುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ್ರೆ?" ಎಂದರು ಅಲ್ಲಿನ ಆಪರೇಟರ್. ಸರಿ ಎಂದು ಕೈಹಾಕಿದೆ.

ಶಾರ್ಟ್‌ಕಟ್‌ಗಳನ್ನು ಆಪರೇಟರ್‌ಗಳೇ ತಿದ್ದಬಹುದಾದ ಸ್ಕ್ರಿಪ್ಟ್ ಫೈಲ್‌ಗೆ ಹಾಕಲು ಲುವಾ ಆರಿಸಿಕೊಂಡೆ. 1993ರಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಭಾಷೆ. ಬೇರೆ ಪ್ರೋಗ್ರಾಮ್‌ಗಳ ಒಳಗೆ ಕೂರಿಸುವುದು ಸುಲಭ. ಪೈಥಾನ್ ಗೊತ್ತಿರುವವರು ಜಾಸ್ತಿ ಅಲ್ವಾ ಎಂದು ಕೇಳಬಹುದು. ಇಷ್ಟು ಸಣ್ಣ ಕೆಲಸಕ್ಕೆ ಅದು ಭಾರ.

ಮೊದಲು ಕೀಯನ್ನೂ ಕೆಲಸವನ್ನೂ ಬೇರೆ ಮಾಡಿದೆ. ಉಳಿಸು, ಹುಡುಕು, ದಿನಾಂಕ ಹಾಕು: ಪ್ರತಿ ಕೆಲಸಕ್ಕೂ ಒಂದು ಹೆಸರು. ಕೆಲಸ ಕಂಪೈಲ್ ಆದ ಕೋಡ್‌ನಲ್ಲೇ ಉಳಿಯಿತು, ಯಾವ ಕೀಗೆ ಯಾವ ಹೆಸರು ಎನ್ನುವುದು ಮಾತ್ರ ಸ್ಕ್ರಿಪ್ಟ್‌ಗೆ ಹೋಯಿತು. ಡಿಫಾಲ್ಟ್‌ಗಳನ್ನು ಕೋಡ್‌ನಲ್ಲೇ ಬಿಡಬಹುದಿತ್ತು, ನನಗೆ ಮನಸ್ಸಾಗಲಿಲ್ಲ. ಎರಡು ದಾರಿ ಇದ್ದರೆ ಎರಡನ್ನೂ ಟೆಸ್ಟ್ ಮಾಡುತ್ತಾ ಕೂರಬೇಕು. ಈಗ ಮೊದಲು ಡಿಫಾಲ್ಟ್ ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ಆಪರೇಟರ್ ಬರೆದದ್ದು. ಒಂದೇ ಕೀ ಎರಡರಲ್ಲೂ ಇದ್ದರೆ ಕೊನೆಯದ್ದೇ ನಿಲ್ಲುತ್ತದೆ. ಡಿಫಾಲ್ಟ್ ಫೈಲೇ ಅವರಿಗೆ ಮಾದರಿಯೂ ಆಯಿತು. ಅದರಿಂದ ಒಂದು ಸಾಲು ಕಾಪಿ ಮಾಡಿ ಕೀ ಬದಲಿಸಿದರೆ ಮುಗಿಯಿತು.

ತಲೆ ತಿಂದದ್ದು ಕನ್ನಡ ಕೀಬೋರ್ಡ್ ಲೇಔಟ್, ಇನ್‌ಸ್ಕ್ರಿಪ್ಟ್. ಇನ್‌ಸ್ಕ್ರಿಪ್ಟ್ ಆನ್ ಇದ್ದಾಗ ಎಸ್ ಒತ್ತಿದರೆ ಜಿಟಿಕೆಗೆ ಸಿಗುವುದು ಏಕಾರದ ಗುರುತು, ಡಿ ಒತ್ತಿದರೆ ಹಲಂತ. ಕಂಟ್ರೋಲ್ ಎಸ್ ಎಂದು ಸ್ಕ್ರಿಪ್ಟ್‌ನಲ್ಲಿ ಬರೆದರೆ ಹೊಂದಿಕೆಯೇ ಆಗುವುದಿಲ್ಲ! ಹಳೆಯ ಕೋಡ್ ಅಕ್ಷರ ನೋಡುತ್ತಲೇ ಇರಲಿಲ್ಲ, ಪ್ರತಿ ಕೀಗೂ ಇರುವ ನಂಬರ್, ಅಂದರೆ ಕೀಕೋಡ್ ನೋಡುತ್ತಿತ್ತು. ಎಸ್ ಕೀಯ ಕೀಕೋಡ್ 39. ಆದರೆ ಆಪರೇಟರ್‌ಗೆ 39 ಎಂದು ಬರೆಯಿರಿ ಎನ್ನಲಾಗುತ್ತದೆಯೇ? ಅದಕ್ಕೆ ಸ್ಕ್ರಿಪ್ಟ್ ಓದುವಾಗಲೇ ಆ ಅಕ್ಷರ ಯಾವ ಕೀಕೋಡ್‌ನಲ್ಲಿದೆ ಎಂದು ಕೀಮ್ಯಾಪ್‌ನಿಂದ (ಯಾವ ಕೀಯಲ್ಲಿ ಯಾವ ಅಕ್ಷರ ಎಂಬ ಪಟ್ಟಿ) ಕೇಳಿ ಇಟ್ಟುಕೊಳ್ಳುತ್ತೇನೆ. ಕೀ ಒತ್ತಿದಾಗ ಹೋಲಿಸುವುದು ಅದನ್ನೇ. ಒಂದು ಷರತ್ತು ಇದೆ: ಕಂಪ್ಯೂಟರ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಕೂಡ ಇರಲೇಬೇಕು. ಇಲ್ಲದಿದ್ದರೆ ಎಸ್ ಎಲ್ಲಿದೆ ಎಂದು ಕೀಮ್ಯಾಪ್‌ಗೇ ಗೊತ್ತಿರುವುದಿಲ್ಲ.

ಲುವಾ ಇಡೀ ಫೈಲನ್ನು ಒಮ್ಮೆಗೇ ಕಂಪೈಲ್ ಮಾಡುತ್ತದೆ. ಒಂದು ಕೋಟ್ ಮುಚ್ಚದಿದ್ದರೆ ಆ ಫೈಲ್ ಪೂರ್ತಿ ಬಿದ್ದುಹೋಗುತ್ತದೆ. ಆಗ ಡಿಫಾಲ್ಟ್‌ಗಳು ಉಳಿಯುತ್ತವೆ, ಎಡಿಟರ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ತಪ್ಪಿದ ಸಾಲಿನ ನಂಬರ್ ಕಾಣುತ್ತದೆ. ಕೆಲಸದ ಹೆಸರು ತಪ್ಪಿದ್ದರೆ ಎರರ್ ಎಸೆಯುವುದಿಲ್ಲ, ಎಚ್ಚರಿಸಿ ಮುಂದೆ ಹೋಗುತ್ತದೆ.

ಆಪರೇಟರ್‌ಗಳು ತಮ್ಮ ಸ್ಕ್ರಿಪ್ಟ್‌ಗಳನ್ನು ವಾಟ್ಸಾಪ್‌ನಲ್ಲಿ ಹಂಚಿಕೊಳ್ಳುತ್ತಾರೆ. ಯಾರದ್ದೋ ಫೈಲನ್ನು ನೋಡದೆ ಹಾಕಿಕೊಳ್ಳುವವರೂ ಇದ್ದಾರೆ. ಹಾಗಾಗಿ ಲುವಾದ ಐಒ, ಓಎಸ್ ಲೈಬ್ರರಿಗಳನ್ನು ತೆರೆದೇ ಇಲ್ಲ. ಫೈಲ್ ಅಳಿಸುವುದು, ಬೇರೆ ಪ್ರೋಗ್ರಾಮ್ ಓಡಿಸುವುದು ಶಾರ್ಟ್‌ಕಟ್ ಸ್ಕ್ರಿಪ್ಟ್‌ಗೆ ಯಾಕೆ ಬೇಕು?